‘ಅಚ್ಛೇ ಹೈಂ’ ಅಂದರು ನರ್ಸಮ್ಮ

“ಪ್ಯಾಕ್ ಮಾಡ್ಲಾ ತಾತ? ತುಂಬಾ ಚೆನ್ನಾಗಿದೆ ಅಂತಿದ್ದಾರೆ!”

ಗಿಣಿ ಆಗಲೇ ಡಬ್ಬದ ಮುಚ್ಚಳ ತೆಗೆದಿದ್ದಳು. ಹೊಸ ಶೂ ಹಾಕಿಕೊಂಡು ನಿಂತಿದ್ದ ನರ್ಸಮ್ಮನಿಗೆ ಉರ್ದು ಬಿಟ್ಟು ಬೇರೆ ಮಾತು ಬಾರದು. ಶೂ ಹೊಲಿದ ತಾತನಿಗೋ ಉರ್ದುವಿನ ಗಂಧಗಾಳಿಯೂ ಇಲ್ಲ. ಹಾಗಾಗಿ ಶಾಲೆಯಲ್ಲಿ ಉರ್ದು ಕಲಿಯುವ ಗಿಣಿಯೇ ಅಂಗಡಿಯ ದುಭಾಷಿ. ಆ ಕೆಲಸವೆಂದರೆ ಅವಳಿಗೆ ತಲೆಯ ಮೇಲೆ ಎರಡು ಕೋಡು ಮೂಡಿದಷ್ಟು ಹೆಮ್ಮೆ.

ಇವತ್ತು ಮಾತ್ರ ಕೋಡು ಸ್ವಲ್ಪ ಬಾಗಿತ್ತು. ಬೆಳಿಗ್ಗೆ ಉರ್ದು ಮಿಸ್ ಮೊಬೈಲಿನಲ್ಲಿ ಜನರ ಮಾತುಗಳನ್ನು ಕೇಳಿಸಿ ಟೆಸ್ಟ್ ಕೊಟ್ಟಿದ್ದರು. “ಮಾತಾಡುವವರ ಮನಸ್ಸಲ್ಲಿ ಏನಿದೆ? ಒಪ್ಪಿಗೆಯಾ, ಬೇಸರವಾ, ಅನುಮಾನವಾ? ಬರೀರಿ.” ಗಿಣಿಗೆ ಒಂದೊಂದು ಪದವೂ ಅರ್ಥವಾಗಿತ್ತು. ಆದರೂ ಹತ್ತಕ್ಕೆ ಎರಡು! ಸೋಮವಾರ ಮತ್ತೆ ಟೆಸ್ಟ್.

“ತಡಿಯೇ,” ಅಂದರು ತಾತ. ತಲೆ ಎತ್ತಲೇ ಇಲ್ಲ, ಕೈಯಲ್ಲಿದ್ದ ಬೇರೆ ಯಾರದೋ ಚಪ್ಪಲಿಗೆ ಹೊಲಿಗೆ ಹಾಕುತ್ತಲೇ ಇದ್ದರು. “ಅವರಿಗೆ ಹಿಡಿಸಿಲ್ಲ ಕಣೇ. ಎಲ್ಲೋ ಒತ್ತುತ್ತಿದೆ.”

“ಅಯ್ಯೋ ತಾತ! ‘ಬಹುತ್ ಅಚ್ಛೇ ಹೈಂ’ ಅಂದ್ರು. ತುಂಬಾ ಚೆನ್ನಾಗಿವೆ ಅಂತ. ಉರ್ದು ಬರೋದು ನಿಂಗಾ, ನಂಗಾ?”

“ನಿಂಗೇ ನಮ್ಮವ್ವ! ಆದ್ರೆ ಅಚ್ಛೇ ಅನ್ನೋಕೆ ಮುಂಚೆ ಉಸಿರು ಎಳ್ಕೊಂಡ್ರಲ್ಲ, ಅದು ಯಾವ ಭಾಷೆ? ಯಾವ ಬೆರಳು ಅಂತ ಕೇಳು. ‘ಒತ್ತುತ್ತಾ’ ಅಂತ ಕೇಳಿದ್ರೆ ಇಲ್ಲ ಅಂದುಬಿಡ್ತಾರೆ.”

ಗಿಣಿ ಮುಖ ಊದಿಸಿಕೊಂಡೇ ಕೇಳಿದಳು. ನರ್ಸಮ್ಮ ನಾಚಿಕೊಂಡರು. ಆಮೇಲೆ ಎಡಗಾಲಿನ ಕಿರುಬೆರಳಿನತ್ತ ತೋರಿಸಿ, ಸಣ್ಣ ದನಿಯಲ್ಲಿ ಏನೋ ಹೇಳಿದರು.

“ಕಿರುಬೆರಳಂತೆ,” ಅಂದಳು ಗಿಣಿ ಮೆಲ್ಲಗೆ. “ಇಷ್ಟು ವಯಸ್ಸಾದವರು ನಾಲ್ಕು ದಿನ ಕೂತು ಹೊಲಿದಿದ್ದಾರೆ, ಸರಿಯಿಲ್ಲ ಅಂತ ಹೇಗೆ ಹೇಳ್ಲಿ ಅಂತ ಸುಮ್ಮನಾದ್ರಂತೆ.”

ದಿನಕ್ಕೆ ಹತ್ತು ಗಂಟೆ ವಾರ್ಡಿನಲ್ಲಿ ಓಡಾಡುವ ಕಾಲು ಅದು. ಹಾಗೇ ಪ್ಯಾಕ್ ಮಾಡಿ ಕಳಿಸಿದ್ದರೆ? ಗಿಣಿ ಡಬ್ಬದ ಮುಚ್ಚಳ ಮತ್ತೆ ಮುಚ್ಚಿದಳು. ತಾತನನ್ನೇ ನೋಡಿದಳು. ಇಷ್ಟು ವರ್ಷ ಬಗ್ಗಿಸಿದ ತಲೆ ಎತ್ತದೆ ಹೊಲಿಯುತ್ತಾ, ಬಂದವರನ್ನೆಲ್ಲ ಕಿವಿಯಲ್ಲೇ ನೋಡಿದವರು! ನಮ್ಮ ತಾತ ಅಂದ್ರೆ ಸುಮ್ನೇನಾ, ಅನ್ನಿಸಿತು ಅವಳಿಗೆ.

ತಾತ ಪಾದದ ಆಕಾರದ ಮರದ ಅಚ್ಚಿನ ಮೇಲೆ ಕಿರುಬೆರಳಿನ ಜಾಗಕ್ಕೆ ಒಂದು ಚೂರು ಚರ್ಮ ಅಂಟಿಸಿದರು. ಶೂ ಒದ್ದೆ ಮಾಡಿ ಅಚ್ಚಿಗೆ ತೊಡಿಸಿ, ಚರ್ಮ ಹಿಗ್ಗಲೆಂದು ಹಾಗೇ ಇಟ್ಟರು.

ಮರುದಿನ ಸಂಜೆ ನರ್ಸಮ್ಮ ಬಂದು ಹಾಕಿಕೊಂಡರು. ಬಾಗಿಲವರೆಗೆ ಹೋದರು, ತಿರುಗಿ ಬಂದರು. ಗಿಣಿ ಈ ಸಲ ಅವರ ಮುಖ ನೋಡಲಿಲ್ಲ. ತಾತನ ಪಕ್ಕ ಕೂತು, ತಾನೂ ತಲೆ ಬಗ್ಗಿಸಿದಳು.

“ಬಹುತ್ ಅಚ್ಛೇ ಹೈಂ!”

ನಿನ್ನೆಯ ಮಾತೇ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಮುಂಚೆ ಎಳೆದುಕೊಂಡಿದ್ದ ಆ ಉಸಿರು ಮಾತ್ರ ಇರಲಿಲ್ಲ.

“ಏನಂತೆ ಗಿಣಿ?” ತಾತ ಕೇಳಿದರು, ಮೀಸೆಯಡಿ ನಗುತ್ತಾ.

“ಹೋಗು ತಾತ, ನಿಂಗೆ ಗೊತ್ತು!”

ಗಿಣಿ ಎದ್ದು ಡಬ್ಬ ತೆಗೆದಳು. ನರ್ಸಮ್ಮನ ಹಳೇ ಶೂಗಳನ್ನು ಅದರಲ್ಲಿಟ್ಟು ಮುಚ್ಚಳ ಮುಚ್ಚಿದಳು. ಹೊಸವು ಕಾಲಲ್ಲೇ ಮನೆಗೆ ಹೋಗುತ್ತವೆ ಅಂತ ಅವಳಿಗೆ ಯಾರೂ ಹೇಳಬೇಕಿರಲಿಲ್ಲ.