ತಣ್ಣೀರಿನ ಬಟ್ಟಲು

ವರದಿಯಲ್ಲಿ ಬರೆಯದೆ ಬಿಟ್ಟದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಶಿಡ್ಲಘಟ್ಟದ ರೇಷ್ಮೆ ಘಟಕವೊಂದಕ್ಕೆ ಕಾರ್ಮಿಕರ ಕೈಗಳ ಬಗ್ಗೆ ಸಂಶೋಧನೆ ಮಾಡಲು ಹೋಗಿದ್ದೆ. ಕುದಿನೀರಿನಲ್ಲಿ ಗೂಡು ಬಿಚ್ಚುವ ಹೆಂಗಸರು ಬೆಂದ ಬೆರಳು ಅದ್ದಲು ಪಕ್ಕದಲ್ಲೊಂದು ತಣ್ಣೀರಿನ ಬಟ್ಟಲು ಇಟ್ಟುಕೊಳ್ಳುತ್ತಾರೆ. ಅದ್ದಿ ಅದ್ದಿ ಮಧ್ಯಾಹ್ನದ ಹೊತ್ತಿಗೆ ಆ ನೀರೂ ಬೆಚ್ಚಗಾಗುತ್ತದೆ. ನಾನು ಅಳೆಯುತ್ತಿದ್ದುದು ಅದನ್ನೇ.

ಮೂಲೆಯ ಒಲೆ ಹೊತ್ತಿಸಿರಲಿಲ್ಲ, ಅಲ್ಲಿ ಯಾರೂ ಕೂತಿರಲಿಲ್ಲ. ಆದರೂ ಬಟ್ಟಲು ತುಂಬಿತ್ತು.

"ತೀರ್ಕೊಂಡ ಮುನಿಶಾಮಕ್ಕಂದು ಸಾರ್. ದಿನಾ ಬೆಳಿಗ್ಗೆ ನಾನೇ ತುಂಬಿಡ್ತೀನಿ. ಪಾಪ, ಕೈ ಉರೀತದೆ ಅಂತಿದ್ಲು," ಎಂದಳು ಪಕ್ಕದ ಒಲೆಯ ತನುಜ.

ಸುಮ್ಮನೆ ಥರ್ಮಾಮೀಟರ್ ಅದ್ದಿದೆ. ಎಲ್ಲರ ಬಟ್ಟಲಿಗಿಂತ ಹೆಚ್ಚು ಬಿಸಿ. ಒಲೆ ಮುಟ್ಟಿದೆ, ತಣ್ಣಗೆ ಕೊರೆಯುತ್ತಿತ್ತು.

ಹೊರಡುವಾಗ ಆ ನೀರು ಚೆಲ್ಲಿ ನಾನೇ ತಣ್ಣೀರು ತುಂಬಿದೆ. ಕೆಳಗಿಡುವಷ್ಟರಲ್ಲಿ ಬಟ್ಟಲು ನನ್ನ ಕೈಯಲ್ಲೇ ಬೆಚ್ಚಗಾಯಿತು.