ಬಾರ್ಲಿ ನೀರಿನ ಸಂಘದ ಹಿತ್ತಾಳೆ ಚೆಂಬು

ಬೈದಿದ್ದರೆ ಭೋಜನಿಗೆ ಅಷ್ಟು ಉರಿಯುತ್ತಿರಲಿಲ್ಲ. ಅವರು ನಕ್ಕರು. ಅದರಲ್ಲೂ ಎಲ್ಲರಿಗಿಂತ ಜೋರಾಗಿ ನಕ್ಕವಳು ಕಟ್ಟಿಕೊಂಡ ಹೆಂಡತಿ ಗುಲಾಬಿ.

ಎಂಬತ್ತಾರನೇ ಇಸವಿಯ ಜುಲೈ ನಾಲ್ಕನೇ ತಾರೀಕು, ಅಮೆರಿಕದ ಫಾಸ್ಟರ್ ಸಿಟಿಯಲ್ಲಿ ಭೋಜನ ಮನೆಯ ಹಿತ್ತಲು. ಬಾರ್ಲಿ ನೀರಿನ ಸಂಘದ ಐದೂ ಸಂಸಾರ ಸೇರಿತ್ತು. ಹೆಸರು ಕೇಳಿ ಯಾರೂ ಮೋಸಹೋಗಬೇಕಾಗಿಲ್ಲ. ಅದು ಮನೆಯಲ್ಲೇ ಬಿಯರ್ ಮಾಡುವ ಐವರು ಗಂಡಸರ ಕೂಟ. ಊರಿನಿಂದ ಬಂದ ಅಮ್ಮಂದಿರು, ಅತ್ತೆಯಂದಿರು ಗರಾಜಿನಲ್ಲಿ ಸಾಲುಗಟ್ಟಿದ ಬಾಟಲಿಗಳನ್ನು ಕಂಡು ಇದೇನೆಂದು ಕೇಳಿದರೆ, "ಬಾರ್ಲಿ ನೀರು, ಕಿಡ್ನಿ ಸ್ಟೋನಿಗೆ ಒಳ್ಳೇದು" ಎನ್ನಬೇಕು. ಇದು ಸಂಘದ ಮೊದಲನೇ ನಿಯಮ. ಹೇಳಿದ್ದರಲ್ಲಿ ಅರ್ಧ ಸತ್ಯವೂ ಇತ್ತು.

ಸಂಘದಲ್ಲಿ ಎರಡು ಜಾತಿ. ಭೋಜನದು ಡಬ್ಬಿಯ ಜಾತಿ. ಅಂಗಡಿಯಲ್ಲಿ ಮಾಲ್ಟ್ ಪಾಕ ಡಬ್ಬಿಯಲ್ಲಿ ಸಿಗುತ್ತದೆ, ನೋಡಲು ಥೇಟ್ ಜೋನಿಬೆಲ್ಲ. ಅದನ್ನು ನೀರಿಗೆ ಸುರಿದು, ಕಹಿ ಕೊಡುವ ಹಾಪ್ಸ್ ಹೂವಿನೊಡನೆ ಕುದಿಸಿ, ಆರಿಸಿ, ಯೀಸ್ಟ್ ಹಾಕಿದರೆ ಮುಗಿಯಿತು. ಮೋರ್ಗನ್ ಹಿಲ್ಲಿನ ಲೀಲಾಧರನದು ಕಾಳಿನ ಜಾತಿ. ಅವನು ಮೊಳಕೆ ಬರಿಸಿ ಒಣಗಿಸಿದ, ಅಂದರೆ ಮಾಲ್ಟ್ ಮಾಡಿದ, ಬಾರ್ಲಿ ಕಾಳನ್ನೇ ಮೂಟೆಯಲ್ಲಿ ತಂದು, ಒಡೆದು, ನೂರೈವತ್ತು ಡಿಗ್ರಿ ಫ್ಯಾರನ್‌ಹೀಟಿನ, ಕೈ ಸುಡುವ ಬಿಸಿನೀರಿನಲ್ಲಿ ಒಂದು ಗಂಟೆ ಮುಳುಗಿಸಿಟ್ಟು, ಸಿಹಿ ರಸ ಇಳಿಸಿಕೊಂಡು ಆಮೇಲೆ ಬಿಯರ್ ಮಾಡುತ್ತಿದ್ದ. ದಿನವಿಡೀ ಹಿಡಿಯುವ ಕೆಲಸ. ಹಾಗಾಗಿ ದಿನವಿಡೀ ಅದರ ಬಗ್ಗೆ ಮಾತಾಡುವ ಹಕ್ಕೂ ತನಗಿದೆ ಎಂದು ಅವನು ತಿಳಿದಿದ್ದ.

ಅವತ್ತು ಭೋಜನ ಬಿಯರನ್ನು ಒಂದು ಗುಟುಕು ಕುಡಿದು ಲೀಲಾಧರ ಹೇಳಿದ, "ಅಡ್ಡಿಯಿಲ್ಲ ಭೋಜಣ್ಣ. ಆದ್ರೆ ಇದಕ್ಕೆ ವಿದ್ಯೆ ಎಂತ ಬೇಕು ಮಾರಾಯ್ರೆ? ಡಬ್ಬಿ ಓಪನರ್ ಒಂದಿದ್ರೆ ಸಾಕಲ್ವಾ?"

ಎಲ್ಲರೂ ನಕ್ಕರು. ಅಷ್ಟಕ್ಕೇ ಬಿಟ್ಟಿದ್ದರೆ ಸರಿಹೋಗುತ್ತಿತ್ತೇನೋ. ಗುಲಾಬಿ ಕಣ್ಣೊರೆಸಿಕೊಳ್ಳುತ್ತ, "ಆ ಓಪನರ್ ಸಹ ನಂದೇ" ಎಂದಳು. ಸಂಜೆಯೊಳಗೆ ಅವನಿಗೆ ಡಬ್ಬಿ ಭೋಜ ಎಂಬ ಹೆಸರು ಅಂಟಿಕೊಂಡಿತು.

ಸಿಟ್ಟಿನಲ್ಲಿ ಮನುಷ್ಯ ಏನೇನೋ ಒದರುತ್ತಾನೆ. ದಸರೆಯೊಳಗೆ ತಾನೂ ಕಾಳಿನಿಂದಲೇ ಬಿಯರ್ ಮಾಡುತ್ತೇನೆ, ಸಾಮಾನೆಲ್ಲ ಕೈಯಾರೆ ಕಟ್ಟುತ್ತೇನೆ, ಲೀಲಾಧರನ ಬಿಯರನ್ನು ಸೋಲಿಸುತ್ತೇನೆ ಎಂದು ಭೋಜ ಎದ್ದುನಿಂತು ಸಾರಿಬಿಟ್ಟ. ಸೋತವನು ಐದೂ ಮನೆಯ ಬಾಟಲಿಗಳನ್ನು ಒಂದು ವರ್ಷ ತೊಳೆಯಬೇಕು. ಒಂದು ಮನೆಗೆ ಇನ್ನೂರರಂತೆ ಸಾವಿರ ಬಾಟಲಿ. ಕೆಳಗೆ ಒಣಗಿ ಹಿಡಿದ ಯೀಸ್ಟು, ಒಳಗೆಲ್ಲ ಬೂಷ್ಟು, ಅದೃಷ್ಟ ಕೆಟ್ಟಿದ್ದರೆ ಸತ್ತ ಜಿರಳೆ. ಬಿಯರ್ ಮಾಡುವವರಲ್ಲಿ ಆ ಕೆಲಸವನ್ನು ಇಷ್ಟಪಡುವವನು ಇನ್ನೂ ಹುಟ್ಟಿಲ್ಲ.

ತೀರ್ಪು ಹೇಳುವ ಹೊಣೆ ಡ್ಯಾನ್‌ವಿಲ್‌ನ ದ್ವಾರಕಾನಾಥರದು. ಧಾರವಾಡದ ಕಡೆಯವರು, ಲ್ಯಾಬಿನಲ್ಲಿ ಕೆಲಸ, ಉಪ್ಪಿಟ್ಟಿಗೆ ಉಪ್ಪು ಹಾಕಬೇಕಾದರೂ ತೂಕ ನೋಡುವ ಮನುಷ್ಯ. ಮರುವಾರವೇ ಟೈಪು ಮಾಡಿದ ನಿಯಮಗಳು ಅಂಚೆಯಲ್ಲಿ ಬಂದವು. ಡಬ್ಬಿ ಪಾಕ ಕೂಡದು. ಸಾಮಾನು ಸ್ವಂತ ಕೈಕೆಲಸವಾಗಿರಬೇಕು. ಕಾಯಿಸಿದ್ದು, ಇಳಿಸಿದ್ದು ಎಲ್ಲದರ ಲೆಕ್ಕ ಒಂದು ಪುಸ್ತಕದಲ್ಲಿ ಬರೆದಿಡಬೇಕು. ರಸ ಇಳಿಸಿದ ಮೇಲೆ ಉಳಿಯುವ ಕಾಳಿನ ಚರಟವನ್ನು ಮರುದಿನವೇ ತಮ್ಮ ಮನೆಗೆ ತಂದೊಪ್ಪಿಸಬೇಕು. ಪುರಾವೆಯೂ ಆಯಿತು, ತಮ್ಮ ಟೊಮೇಟೊ ಗಿಡಕ್ಕೆ ಗೊಬ್ಬರವೂ ಆಯಿತು. ಗೆದ್ದವರಿಗೆ ಹೆಸರು ಕೆತ್ತಿಸಿದ ಹಿತ್ತಾಳೆ ಚೆಂಬು.

ಭೋಜ ಮೊದಲು ಪ್ರಾಮಾಣಿಕನಾಗಿಯೇ ಹೊರಟಿದ್ದ, ಅದನ್ನು ಒಪ್ಪಬೇಕು. ಆಫೀಸು ಕಟ್ಟಡಗಳ ಏರ್ ಕಂಡೀಷನರ್ ರಿಪೇರಿ ಅವನ ಉದ್ಯೋಗ. ತಾಮ್ರದ ಪೈಪು ಅವನು ಹೇಳಿದ ಮಾತು ಕೇಳುತ್ತಿತ್ತು. ಕಾಳು ನೆನೆಸಿ ರಸ ಇಳಿಸಲೆಂದು ಪಿಕ್ನಿಕ್ಕಿಗೆ ಒಯ್ಯುವ ಐಸ್ ಪೆಟ್ಟಿಗೆಯ ತಳಕ್ಕೆ ತಾಮ್ರದ ಪೈಪು ಹಾಸಿ, ಗರಗಸದಿಂದ ಸಣ್ಣ ಸಣ್ಣ ಸೀಳು ಕೊರೆದು, ನಲ್ಲಿ ಕೂರಿಸಿ, ಬೆಸುಗೆಗೆ ಪಾಲಿಶ್ ಕೊಟ್ಟ. ಕುದಿದ ರಸ ತಣಿಸಲು ಇನ್ನೊಂದು ಪೈಪನ್ನು ಚಕ್ಕುಲಿಯಂತೆ ಸುತ್ತಿದ. ಮುಗಿದಾಗ ಬಿಯರ್ ಮಾಡಲು ಮನಸ್ಸೇ ಬರಲಿಲ್ಲ, ಅಷ್ಟು ಚೆಂದ ಇತ್ತು.

ಮನಸ್ಸು ಮಾಡಿ ಕೂತ ದಿನ ಕಾಳು ಕೈಕೊಟ್ಟಿತು. ಗುಲಾಬಿಯ ಮಿಕ್ಸಿಯಲ್ಲಿ ತೀರಾ ನುಣ್ಣಗಾಗಿ, ಪೆಟ್ಟಿಗೆಯೊಳಗೆ ಅಂಬಲಿಯಾಗಿ ಕೂತು, ನಲ್ಲಿ ತಿರುಗಿಸಿದರೆ ಒಂದು ತೊಟ್ಟೂ ಇಳಿಯಲಿಲ್ಲ. ಎರಡನೇ ಸಲ ನೀರು ಹೆಚ್ಚು ಕಾಯ್ದು, ಬಾಯಿ ಒಗರು ಮಾಡುವ ಕಷಾಯವಾಯಿತು. ಗುಲಾಬಿ ಒಂದು ಚಮಚ ಕುಡಿದು, "ಶೀತಕ್ಕೆ ಒಳ್ಳೇದು" ಎಂದು ಎದ್ದುಹೋದಳು. ಸೆಪ್ಟೆಂಬರ್ ಬಂದೇಬಿಟ್ಟಿತ್ತು. ತಂದಿದ್ದ ಮಾಲ್ಟ್ ಮುಗಿದಿತ್ತು. ಗರಾಜಿನ ಮೇಲಿನ ಹಲಗೆಯಲ್ಲಿ ಹಳೆಯ ಪಾಕದ ಡಬ್ಬಿಯೊಂದು ಕೂತು ಅವನನ್ನೇ ನೋಡುತ್ತಿತ್ತು.

ಆಗ ಅವನಿಗೆ ಹೊಳೆಯಿತು. ಬಿಯರ್ ಡಬ್ಬಿಯದೇ ಇರಲಿ, ಉಳಿದದ್ದೆಲ್ಲ ಕಾಳಿನದಾಗಿರಲಿ.

ಅಂದಿನಿಂದ ಭೋಜನ ನಡಿಗೆಯೇ ಬದಲಾಯಿತು. ಲೀಲಾಧರನ ಗುರುತಿನ ಅಂಗಡಿಗೆ ಹೋಗುವ ದಡ್ಡ ಅವನಲ್ಲ. ಸಾನ್ ಮಟೇಯೊ ಸೇತುವೆ ದಾಟಿ, ಆಚೆ ದಡದ ಗೊತ್ತಿಲ್ಲದ ಅಂಗಡಿಯಲ್ಲಿ ತೀರಾ ತಿಳಿ ಬಣ್ಣದ, ತೀರಾ ತಾಜಾ ಪಾಕದ ಎರಡು ಡಬ್ಬಿ ಕೊಂಡ. ಡಬ್ಬಿ ಬಿಯರಿನ ಗುಟ್ಟು ಹೊರಬೀಳುವುದು ಬಣ್ಣದಿಂದ. ಸ್ವಲ್ಪ ನೀರಿನಲ್ಲಿ ಪಾಕವನ್ನು ಮಂದವಾಗಿ ಕುದಿಸಿದರೆ ಅದು ಕಪ್ಪಿಡುತ್ತದೆ. ಅದಕ್ಕೇ ಅವನು ಐದು ಗ್ಯಾಲನ್ ನೀರನ್ನೂ ಒಟ್ಟಿಗೇ ಕಾಯಿಸಿದ. ಖಾಲಿ ಡಬ್ಬಿಗಳ ಲೇಬಲ್ ಕಿತ್ತು, ಕಾಲಲ್ಲಿ ತುಳಿದು ಚಪ್ಪಟೆ ಮಾಡಿ, ಕೆಲಸಕ್ಕೆ ಹೋದ ಕಟ್ಟಡವೊಂದರ ಕಸದ ತೊಟ್ಟಿಗೆ ಹಾಕಿಬಂದ.

ಲೆಕ್ಕದ ಪುಸ್ತಕ ಬರೆದದ್ದಂತೂ ಕಲೆ. ಇಷ್ಟು ಹೊತ್ತಿಗೆ ಇಷ್ಟು ಡಿಗ್ರಿ, ಇಷ್ಟು ರಸ ಇಳಿಯಿತು ಎಂದೆಲ್ಲ ಎರಡು ಬಣ್ಣದ ಪೆನ್ನಿನಲ್ಲಿ ಬರೆದು, ಒಂದು ಪುಟಕ್ಕೆ ಒದ್ದೆ ಹೆಬ್ಬೆಟ್ಟು ಒತ್ತಿದ. ಲೆಕ್ಕ ಸರಿಯಾಗಿದ್ದಷ್ಟೂ ಅನುಮಾನ ಬರುತ್ತದೆಂದು ಒಂದು ಕಡೆ ಬೇಕೆಂದೇ ತಪ್ಪು ಬರೆದು ಹೊಡೆದುಹಾಕಿದ. ಐಸ್ ಪೆಟ್ಟಿಗೆಯೊಳಗೆ ಚಹಾ ಕಷಾಯ ಸುರಿದು ಎರಡು ದಿನ ಬಿಟ್ಟು ಕಲೆ ಕೂರಿಸಿದ. ನೆಟ್ಟಗೆ ಕಾಳಿನ ಬಿಯರ್ ಮಾಡಿದ್ದರೆ ಒಂದು ಶನಿವಾರದಲ್ಲಿ ಮುಗಿಯುತ್ತಿತ್ತು. ಮೋಸಕ್ಕೆ ಮೂರು ಶನಿವಾರ ಬೇಕಾಯಿತು ಎಂಬ ಯೋಚನೆ ಅವನ ತಲೆಯ ಬಳಿಯೂ ಸುಳಿಯಲಿಲ್ಲ.

ಇನ್ನು ಚರಟ. ಉಳಿದ ಕಳ್ಳರೆಲ್ಲ ಇಲ್ಲೇ ಸಿಕ್ಕಿಬೀಳುತ್ತಾರೆ ಎಂದುಕೊಂಡು ಭೋಜ ಒಳಗೊಳಗೇ ನಕ್ಕ. ಡಬ್ಬಿಯಲ್ಲಿ ಚರಟ ಎಲ್ಲಿಂದ ಬರಬೇಕು? ಆದರೆ ಟೊಮೇಟೊ ಗಿಡದ ಬುಡಕ್ಕೆ ಹೋಗುವ ಕಾಳಿಗೆ ದುಬಾರಿ ಮಾಲ್ಟ್ ಯಾಕೆ ದಂಡ? ದಕ್ಷಿಣದ ಕಡೆ ರಿಪೇರಿಗೆ ಹೋದವನು ಬರುವ ದಾರಿಯಲ್ಲಿ ಕೋಳಿ ಕುದುರೆಗಳಿಗೆ ಮೇವು ಮಾರುವ ಅಂಗಡಿಯಿಂದ ಇಪ್ಪತ್ತು ಪೌಂಡು ಬಾರ್ಲಿ ಹೊತ್ತುತಂದ. ಅದೇ ಗಾತ್ರ, ಅದೇ ಬಣ್ಣ, ಅದೇ ಹೊಟ್ಟು. ಮಿಕ್ಸಿಯಲ್ಲಿ ನಾಲ್ಕು ಸಲ ಒಡೆಯುವಷ್ಟರಲ್ಲಿ ಮೋಟರು ಸುಟ್ಟ ವಾಸನೆ ಬಂದು, ಗುಲಾಬಿ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತಳು. ಇರಲಿ ಬಿಡು, ಒಡೆಯದೆ ಉಳಿದ ಇಡೀ ಕಾಳು ಬಕೆಟ್ಟಿನ ತಳಕ್ಕೆ, ಒಡೆದದ್ದು ಮೇಲಕ್ಕೆ. ಒಂದು ಗಂಟೆ ಥರ್ಮಾಮೀಟರ್ ಹಿಡಿದು ಕೂರುವ ದರ್ದೂ ಇರಲಿಲ್ಲ. ಬಚ್ಚಲ ನಲ್ಲಿಯ ಉಗುರುಬೆಚ್ಚಗಿನ ನೀರು ತುಂಬಿ ಬೆಳಗಿನವರೆಗೆ ಬಿಟ್ಟ. ಕಾಳು ಚೆನ್ನಾಗಿ ಉಬ್ಬಿತು. ನೀರು ಬಸಿದು, ಮೇಲೆ ಒಂದು ಲೋಟ ಮಾಲ್ಟ್ ಪಾಕ ಕಲಸಿದ. ಆ ಪರಿಮಳಕ್ಕೆ ಅವನೇ ಒಂದು ಕ್ಷಣ ನಂಬಿಬಿಟ್ಟ.

ಡ್ಯಾನ್‌ವಿಲ್‌ನಲ್ಲಿ ದ್ವಾರಕಾನಾಥರು ಬಕೆಟ್ಟಿನಿಂದ ಒಂದು ಹಿಡಿ ತೆಗೆದು ಮೂಸಿದರು, ಬೆರಳಲ್ಲಿ ಉಜ್ಜಿದರು, ಪುಸ್ತಕ ತಿರುವಿ ಹೊಡೆದುಹಾಕಿದ ಸಾಲನ್ನು ಮೆಚ್ಚುಗೆಯಿಂದ ನೋಡಿದರು. "ವೆರಿ ಗುಡ್ ಭೋಜ. ಕಾಳಿನ ಕ್ರಶ್ ಚೆನ್ನಾಗಿದೆ. ಲೀಲಾಧರಂದು ನಿನ್ನೆ ಬಂತು, ಅದಕ್ಕಿಂತ ಕ್ಲೀನಾಗಿದೆ ಇದು."

ಅಷ್ಟರಲ್ಲಿ ಅವರ ತಾಯಿ ಗೌರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹಿತ್ತಲಿಗೆ ಬಂದರು. ಎಪ್ಪತ್ತು ದಾಟಿದ ಜೀವ, ಅಮೆರಿಕಕ್ಕೆ ಬಂದು ಆರು ವರ್ಷವಾದರೂ ಬಿದ್ದ ಒಂದು ಅಗುಳನ್ನು ಎತ್ತದೆ ಬಿಟ್ಟವರಲ್ಲ. ಬಕೆಟ್ಟಿನ ತಳಕ್ಕೆ ಕೈ ಹಾಕಿ ನೋಡಿ, "ಬಾರ್ಲಿ ನೀರು ಮಾಡಿದ್ದ ಕಾಳ ಏನಪಾ? ಇಷ್ಟ ಛಲೋ ಜವಿಗೋಧಿ, ಮಣ್ಣಾಗ ಹಾಕತೀರಲ್ಲೋ" ಎಂದರು.

"ಹೌದಮ್ಮಾ, ಸತ್ವ ಎಲ್ಲ ನೀರಿಗೆ ಇಳಿದಿದೆ" ಎಂದ ಭೋಜ, ವಿನಯದಿಂದ. ಅವರ ಕಾಲು ಮುಟ್ಟಿ ನಮಸ್ಕಾರವನ್ನೂ ಮಾಡಿದ. ಹೊರಡುವಾಗ ದ್ವಾರಕಾನಾಥರು ಬಕೆಟ್ಟನ್ನು ಗೊಬ್ಬರದ ಗುಂಡಿಯ ಪಕ್ಕ ಇಡುತ್ತಿದ್ದುದನ್ನು ಕಣ್ಣಾರೆ ಕಂಡ. ಗುಂಡಿಗೆ ಬಿದ್ದ ಮೇಲೆ ಯಾವ ಸಾಕ್ಷಿಯೂ ಇಲ್ಲ. ಫ್ರೀವೇ ತುಂಬ ಕಾರು ಇದ್ದರೂ ಅವತ್ತು ಅವನಿಗೆ ದಾರಿ ಸವೆದದ್ದೇ ತಿಳಿಯಲಿಲ್ಲ.

ಹಬ್ಬ ಯಾವ ದಿನವೇ ಬರಲಿ, ಇಲ್ಲಿಯ ಕನ್ನಡದವರು ಆಚರಿಸುವುದು ಶನಿವಾರ. ದಸರೆಯ ಶನಿವಾರ ಮಧ್ಯಾಹ್ನ ಎಲ್ಲರೂ ದ್ವಾರಕಾನಾಥರ ಮನೆಯಲ್ಲಿ ಸೇರಿದರು. ಒಳಗೆ ಗೌರಮ್ಮನವರ ಪೂಜೆ, ಹೋಳಿಗೆ. ಹಿತ್ತಲಲ್ಲಿ ಮೇಜಿನ ಮೇಲೆ ಕಾಗದ ಸುತ್ತಿದ ಬಾಟಲಿಗಳು, ಅರ್ಧಕ್ಕೆ ಒಂದು ನಂಬರು, ಅರ್ಧಕ್ಕೆ ಎರಡು. ಪಕ್ಕದಲ್ಲಿ ಹಿತ್ತಾಳೆ ಚೆಂಬು ಬಿಸಿಲಿಗೆ ಹೊಳೆಯುತ್ತಿತ್ತು.

ದ್ವಾರಕಾನಾಥರು ಒಂದನೇ ನಂಬರನ್ನು ಕುಡಿದು ತಲೆದೂಗಿದರು. ಎರಡನೆಯದನ್ನು ಬೆಳಕಿಗೆ ಹಿಡಿದು, ಮೂಸಿ, ಕುಡಿದು, ಕಣ್ಣು ಮುಚ್ಚಿದರು. ಉಳಿದ ಇಬ್ಬರು ಸದಸ್ಯರೂ ಕುಡಿದು ಕಣ್ಣು ಮುಚ್ಚಿದರು.

"ಎರಡನೇ ನಂಬರು. ನೋ ಕಂಪ್ಯಾರಿಸನ್. ಇದರಲ್ಲಿ ಕಾಳಿನ ಡೆಪ್ತ್ ಇದೆ ನೋಡಿ. ಇದನ್ನ ಯಾವ ಡಬ್ಬೀನೂ ಕೊಡೋಕಾಗಲ್ಲ" ಎಂದರು ದ್ವಾರಕಾನಾಥರು.

ಕಾಗದ ಬಿಚ್ಚಿದರೆ ಭೋಜನ ಬಾಟಲಿ. ಗುಲಾಬಿ ಚಪ್ಪಾಳೆ ತಟ್ಟಿದಳು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳು ತನಗಾಗಿ ಚಪ್ಪಾಳೆ ತಟ್ಟಿದ್ದು ಭೋಜನಿಗೆ ನೆನಪಿರಲಿಲ್ಲ. ಲೀಲಾಧರ ಎದ್ದುಬಂದು ಕೈ ಕುಲುಕಿದ. "ಸೋತೆ ಮಾರಾಯ್ರೆ. ಇನ್ನು ಡಬ್ಬಿ ಅಂತ ಹೇಳಿದವನ ನಾಲಿಗೆ ಬಿದ್ದುಹೋಗಲಿ" ಎಂದು ಅಂಗಿಯ ತೋಳು ಮಡಚಿ, ಗರಾಜಿನಿಂದ ಬಾಟಲಿ ತೊಳೆಯುವ ಬ್ರಷ್ಷನ್ನೂ ತಂದುಬಿಟ್ಟ. ಭೋಜನಿಗೆ ಪಾಪ ಅನ್ನಿಸಿತು. ಒಂದು ನಿಮಿಷ ಅನ್ನಿಸಿ, ಚೆಂಬು ಕೈಗೆ ಬಂದದ್ದೇ ಹೋಯಿತು.

ಅದೇ ಹೊತ್ತಿಗೆ ಗೌರಮ್ಮ ಹಿತ್ತಾಳೆ ತಟ್ಟೆ ಹಿಡಿದು ಹೊರಬಂದರು. ನವರಾತ್ರಿಗೆ ಅವರು ತಪ್ಪದೆ ಘಟ್ಟ ಹಾಕುವವರು: ಬುಟ್ಟಿಯ ಮಣ್ಣಿನಲ್ಲಿ ಕಾಳು ಬಿತ್ತಿ, ದೇವಿಯ ಮುಂದಿಟ್ಟು, ದಿನಾ ನೀರು ಚಿಮುಕಿಸಿ, ಕೊನೆಗೆ ಎದ್ದ ಪೈರನ್ನು ಪ್ರಸಾದವೆಂದು ಎಲ್ಲರಿಗೂ ಮುಡಿಸುವುದು ಅವರ ಮನೆಯ ಪದ್ಧತಿ. ತಟ್ಟೆಯ ತುಂಬ ಎಳೆಯ ಹಸಿರು. ಅವರು ನೇರವಾಗಿ ಭೋಜನ ಹತ್ತಿರ ಬಂದು, ಬೇರು ಸಮೇತ ಒಂದು ಪೈರನ್ನು ಅವನ ಕಿವಿಯ ಮೇಲೆ ಸಿಗಿಸಿ ತಲೆ ಸವರಿದರು. "ಮೊದಲನೇದು ನಿನಗ ಮುಡಸಬೇಕು ಅಂತ ಇಟ್ಟಿದ್ದೆ ನೋಡಪಾ. ಅವತ್ತ ನೀವಿಬ್ರೂ ಕೊಟ್ಟ ಹೋದ ಕಾಳ ಗುಂಡಿಗ್ಯಾಕ ಹಾಕಬೇಕು ಅಂತ ತೊಳದು, ಬಿಸಲಿಗೆ ಹರವಿ, ಬ್ಯಾರೆ ಬ್ಯಾರೆ ಡಬ್ಬ್ಯಾಗ ಹಾಕಿದ್ದೆ. ಘಟ್ಟಕ್ಕ ಎರಡೂ ಬಿತ್ತಿದೆ. ಲೀಲಾಧರಂದು ಒಂದ ಕಾಳೂ ಏಳಲಿಲ್ಲ, ಬೆಂದ ಕಾಳಿನಂಗ ಕೊಳತ ಹೋತು. ನಿಂದು ಮಾತ್ರ ಹೆಂಗ ಎದ್ದಾವ ನೋಡು, ಗೇಣುದ್ದ. ನಿನ್ನ ಕೈಗುಣ ಭಾಳ ಛಲೋ ಅದ." ದ್ವಾರಕಾನಾಥರು ಕುಡಿಯುತ್ತಿದ್ದ ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಭೋಜನ ಕಿವಿಯಿಂದ ಪೈರನ್ನು ತೆಗೆದು, ಬೇರಿಗೆ ಇನ್ನೂ ಅಂಟಿಕೊಂಡಿದ್ದ ಕಾಳನ್ನು ಕನ್ನಡಕದ ಹತ್ತಿರ ಹಿಡಿದು ನೋಡಿ, "ನೂರೈವತ್ತು ಡಿಗ್ರಿ, ಒಂದು ಗಂಟೆ" ಎಂದು ಪುಸ್ತಕದಲ್ಲಿ ಓದಿದ್ದನ್ನು ನೆನಪಿನಿಂದ ಹೇಳಿದರು. ಭೋಜನಿಗೆ ಬಚ್ಚಲ ನಲ್ಲಿ ನೆನಪಾಯಿತು. ಲೀಲಾಧರ ಮಡಚಿದ್ದ ತೋಳುಗಳನ್ನು ಇಳಿಸಿ ಗುಂಡಿ ಹಾಕಿಕೊಂಡ. ಆಮೇಲೆ ಭೋಜನ ಕೈಯಿಂದ ಚೆಂಬು ತೆಗೆದುಕೊಂಡು ಆ ಕೈಗೇ ಬ್ರಷ್ಷನ್ನು ಇಟ್ಟ.