ಮೂರನೆಯ ಲೇಪ

ಕನ್ನಡಿ ಒಡೆದ ಸದ್ದಿಗೆ ಸೊಸೆಯ ಕಾಲು ಹೊಲಿಗೆ ಯಂತ್ರದ ಮೇಲೆ ತಪ್ಪಿ ಸೂಜಿ ಮುರಿಯಿತು. ಬಾಗಿಲಿಗೆ ಬಂದು ನೋಡಿದರೆ, ಎದುರಿಗೆ, ಕೂದಲಿಗೆ ಬಣ್ಣ ಹಚ್ಚುವ ಬಣ್ಣದಕ್ಕನ ಅಂಗಡಿಯ ಹೊಸ್ತಿಲಾಚೆ ಒಬ್ಬ ದಪ್ಪ ಮನುಷ್ಯ ನಿಂತಿದ್ದ. ಹೊರಗಿಟ್ಟಿದ್ದ ಸ್ಟೂಲನ್ನು ಎಡಗೈಯಲ್ಲಿ ಎತ್ತಿ, ಅಲ್ಲಿಂದಲೇ ಒಳಗೆ ಎಸೆದಿದ್ದ. ಬಲಗೈ ಕೋಟಿನ ಜೇಬಿನಲ್ಲೇ ಇತ್ತು. ಅರ್ಧಕ್ಕರ್ಧ ನರೆತ ಮೀಸೆ ಸಿಟ್ಟಿಗೆ ಅದುರುತ್ತಿತ್ತು.

"ನನ್ನ ಹೆಂಡತಿ ತಲೆ ಸುಟ್ಟಿದಾಳೆ ಇವಳು," ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದ. "ಎಲೆ ಅಂತೆ, ಬೇರು ಅಂತೆ. ಹಿಂದಿನ ದಿನ ನೆನೆಸಿಟ್ಟು ಹಳಸಿದ ನೀಲೀನ ಹಚ್ಚಿದಾಳೆ. ನಿನ್ನೆ ಕರಕೊಂಡು ಹೋಗೋಕೆ ಬಂದಾಗ ಬಟ್ಟಲು ನಾನೇ ಕಣ್ಣಾರೆ ಕಂಡೆ. ಸಂಜೆಯೊಳಗೆ ಈ ಅಂಗಡಿಗೆ ಬೀಗ ಬೀಳಬೇಕು."

ಅವನು ಬಸ್ ಡಿಪೋದ ಮ್ಯಾನೇಜರ್. ಹೆಂಡತಿ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು, ಬೆಳಗಿನ ಜಾವ ಆಸ್ಪತ್ರೆ ಸೇರಿದ್ದಳು. ಬಿದ್ದವರಿಗೆ ಆಳಿಗೊಂದು ಕಲ್ಲು ಎಂಬಂತೆ, ನಿನ್ನೆಯವರೆಗೆ ಬಣ್ಣದಕ್ಕನ ಬೆಂಚಿನ ಮೇಲೆ ಸಾಲಾಗಿ ಕೂರುತ್ತಿದ್ದವರೇ ಈಗ ಬಾಯಿಗೆ ಬಂದದ್ದು ಆಡಿದರು. ಸ್ವಲ್ಪ ಹೊತ್ತಿಗೆ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರಮ್ಮ ಬಂದು, ಐದು ಗಂಟೆಗೆ ಅಂಗಡಿಗೆ ಮುದ್ರೆ ಒತ್ತುವುದಾಗಿ ಚೀಟಿ ಅಂಟಿಸಿ ಹೋದರು.

ಬಣ್ಣದಕ್ಕ ಅಳಲಿಲ್ಲ. ಮಣಿಕಟ್ಟಿನವರೆಗೆ ಕಿತ್ತಳೆಯಾದ ಕೈಗಳನ್ನು ಕಟ್ಟಿಕೊಂಡು ಗಾಜಿನ ಚೂರುಗಳ ನಡುವೆ ನಿಂತಿದ್ದಳು. ಇಪ್ಪತ್ತೆರಡು ವರ್ಷದ ದುಡಿಮೆ ಅದು. ಗಟ್ಟಿಯಾಗಿ ಮಾತಾಡಿದವಳಲ್ಲ. ಆರು ವರ್ಷದ ಹುಡುಗಿಗೂ 'ಬನ್ನಿ, ಕೂತ್ಕೊಳ್ಳಿ' ಎನ್ನುವವಳು. ಅವಳು ಬೆಕ್ಕನ್ನೂ 'ಆಚೆ ಹೋಗಿ' ಎಂದು ಓಡಿಸುತ್ತಾಳೆಂದು ಬೀದಿಯವರು ನಗುತ್ತಿದ್ದರು. ಅದನ್ನೆಲ್ಲ ಕಂಡು ಸೊಸೆ ಸಿಟ್ಟಿನಿಂದ ತನ್ನ ಮನೆಯೊಳಕ್ಕೆ ತಿರುಗಿದಳು. ಹಿಂದಿನ ಕೋಣೆಗೆ ನುಗ್ಗಿದಳು.

ಅಲ್ಲಿ ಅತ್ತೆ ಗುಂಡಿಗಳನ್ನು ಬಣ್ಣ ನೋಡಿ ದಾರಕ್ಕೆ ಪೋಣಿಸುತ್ತ ಕೂತಿದ್ದರು. ಮೂವತ್ತೊಂದು ವರ್ಷ ನ್ಯಾಯಾಲಯದಲ್ಲಿ ಶೀಘ್ರಲಿಪಿ ಬರೆದವರು. ಪೆನ್ನು ಬಿಟ್ಟು ಒಂಬತ್ತು ವರ್ಷವಾದರೂ, ಯಾರೇ ಮಾತಾಡಲಿ, ಅವರ ತೋರುಬೆರಳು ಮಡಿಲಿನ ಮೇಲೆ ಅದನ್ನು ಬರೆದುಕೊಳ್ಳುತ್ತಿತ್ತು. ಆ ಬೆರಳಿಗೆ ಸಿಕ್ಕಿ ಬೀದಿಯ ಎಷ್ಟೋ ಸುಳ್ಳುಗಳು ಬಯಲಾಗಿದ್ದವು.

"ಅತ್ತೆ, ಏಳಿ."

"ಸಿಟ್ಟು ಹೊರಗಿಟ್ಟು ಬಾ. ಸಿಟ್ಟಿಗೆ ಕಿವಿ ಇರಲ್ಲ."

"ಇಡಲ್ಲ. ಕಿವಿ ನೀವು ತನ್ನಿ, ಸಿಟ್ಟು ನಾನು ತರ್ತೀನಿ."

ಅತ್ತೆ ಚಪ್ಪಲಿ ಹುಡುಕಿದರು.

ಅಂಗಡಿಯಲ್ಲಿ ಅವರು ಕೇಳಿದ್ದು ಒಂದೇ: ನಿನ್ನೆ ನಡೆದದ್ದನ್ನು ಮೊದಲಿನಿಂದ ಹೇಳು.

"ಮದರಂಗಿಯನ್ನ ಮೊನ್ನೆ ಸಂಜೆಯೇ ಟೀ ಡಿಕಾಕ್ಷನ್ನಿನಲ್ಲಿ ನೆನೆಸಿದ್ದೆ, ಕಬ್ಬಿಣದ ಬಾಣಲೆಯಲ್ಲಿ. ನಿನ್ನೆ ಮಧ್ಯಾಹ್ನ ಗ್ರಂಥಾಲಯದಮ್ಮನ ಜೊತೆ ಇನ್ನಿಬ್ಬರಿಗೂ ಅದನ್ನೇ ಹಚ್ಚಿದೆ. ತೊಳೆದಾಗ ಬಿಳಿ ಕೂದಲೆಲ್ಲ ಕೆಂಪು. ಆಮೇಲೆ ಎರಡನೇ ಲೇಪ, ನೀಲಿ ಎಲೆಯ ಪುಡಿ. ಅದನ್ನ ಮೊದಲೇ ಮಾಡಿಡೋ ಹಾಗಿಲ್ಲ. ಅವರವರು ಕೂತ ಮೇಲೆ ಅವರವರ ಬಟ್ಟಲಲ್ಲಿ ಬಿಸಿನೀರು ಹಾಕಿ ಕಲಸಬೇಕು. ಅರ್ಧ ಗಂಟೆ ಮೀರಿದ್ರೆ ಸತ್ತುಹೋಗುತ್ತೆ. ಮದರಂಗಿ ನೆನೆಸೋದು, ನೀಲಿ ಕಲಸೋದು."

"ಉಳಿದಿಬ್ಬರೂ ಚೆನ್ನಾಗಿದಾರಾ?"

"ಚೆನ್ನಾಗಿದಾರೆ. ಆದ್ರೆ ಬಟ್ಟಲು ಬೇರೆ ಬೇರೆಯಲ್ವ, ಗ್ರಂಥಾಲಯದಮ್ಮನದ್ದರಲ್ಲಿ ಮಾತ್ರ ಏನೋ ಬೆರೆಸಿದೀಯ ಅಂತಾರೆ."

"ಹೋಗುವಾಗ ಅವಳ ಕೂದಲು ಕಪ್ಪಾಗಿತ್ತಾ?"

"ಎಲ್ಲಿ ಕಪ್ಪು. ಮೊದಲ ಸಂಜೆ ಪಾಚಿ ಬಣ್ಣ ಇರುತ್ತೆ. ಗಾಳಿ ಕುಡೀತಾ ಕುಡೀತಾ ಎರಡು ದಿನಕ್ಕೆ ಕಪ್ಪಾಗೋದು. ಅದನ್ನೂ ಹೇಳಿ ಕಳಿಸಿದ್ದೆ."

ಸೊಸೆ ಕಣ್ಣಲ್ಲೇ ಬೀದಿಯ ಮೂಲೆ ತೋರಿಸಿದಳು. ಅಲ್ಲಿ ಗಾಜಿನ ಬಾಗಿಲಿನ ಬ್ಯೂಟಿ ಪಾರ್ಲರಿತ್ತು. ಅದರ ಒಡತಿ ಬಾಗಿಲಿಗೆ ಒರಗಿ ಈ ಕಡೆಯೇ ನೋಡುತ್ತಿದ್ದಳು. "ಅವಳದೇ ಕೆಲಸ, ಅತ್ತೆ. ನಿನ್ನೆ ಬೆಳಿಗ್ಗೆ ಬಟ್ಟಲು ಬೇಕು ಅಂತ ಇಲ್ಲಿಗೆ ಬಂದಿದ್ದಳು."

"ಬರೋದೇ ಪಾಪವಾದ್ರೆ ನೀನೂ ದಿನಾ ಬರ್ತೀಯ," ಎಂದು ಅತ್ತೆ ನೆಟ್ಟಗೆ ಪಾರ್ಲರಿಗೆ ನಡೆದರು. ಸೊಸೆ ಆ ಮೆಟ್ಟಿಲು ಹತ್ತಲೊಲ್ಲದೆ ಹೊರಗೇ ನಿಂತು ಹಲ್ಲು ಕಡಿದಳು. ಅತ್ತೆ ಎರಡೇ ನಿಮಿಷಕ್ಕೆ ಹೊರಬಂದರು.

ಆಸ್ಪತ್ರೆಯಲ್ಲಿ ಕಂಡ ಗ್ರಂಥಾಲಯದಮ್ಮನ ಮುಖವನ್ನು ಸೊಸೆ ಬಹಳ ದಿನ ಮರೆಯಲಿಲ್ಲ. ಹಣೆಯಿಂದ ಕಿವಿಯವರೆಗೆ ಬೊಬ್ಬೆ. ರೆಪ್ಪೆಗಳು ಊದಿ ಕಣ್ಣು ಮುಚ್ಚಿಹೋಗಿದ್ದವು. ದಿಂಬಿನ ಮೇಲೆ ಹರಡಿದ ಕೂದಲು ಮಾತ್ರ ಕಾಗೆಯ ರೆಕ್ಕೆಯಂತೆ ಮಿರಮಿರ ಕಪ್ಪು.

"ಬಣ್ಣದಕ್ಕ ಕೊಟ್ಟದ್ದು," ಎಂದಳು ಆಕೆ, ಊದಿದ ತುಟಿಗಳ ನಡುವೆ. "ಎರಡು ತಣ್ಣಗಿತ್ತು. ಮೂರನೇದು ಉರಿ. ಉರೀತಿದೆ ಅಂದೆ. ತಡ್ಕೋ ಅಂದ್ರು."

"ಬೆಳಗಿಂದ ಹೀಗೇ ಒಂದು ಎರಡು ಮೂರು ಅಂತ ಎಣಿಸ್ತಿದಾರೆ," ಎಂದಳು ನರ್ಸ್. "ಜ್ವರ ತಲೆಗೇರಿದೆ, ಪಾಪ."

ಅತ್ತೆಯ ಬೆರಳು ಮಡಿಲಿನ ಮೇಲೆ ಓಡಿ, ಒಂದು ಕಡೆ ನಿಂತು, ಅದೇ ಗೆರೆಯನ್ನು ಮತ್ತೆ ಎಳೆಯಿತು.

ಅಷ್ಟರಲ್ಲಿ ಮ್ಯಾನೇಜರ್ ಒಳಗೆ ಬಂದ. ಬಲಗೈಗೆ ಬೆರಳ ತುದಿಯವರೆಗೆ ಬ್ಯಾಂಡೇಜು ಸುತ್ತಿತ್ತು. "ಕನ್ನಡಿ ಚೂರು ಹೊಕ್ಕಿತು," ಎಂದ, ಯಾರೂ ಕೇಳದೆಯೇ. "ನೀವು ಆ ಬಣ್ಣದವಳ ಕಡೆಯವರಾ? ನಡೀರಿ ಆಚೆ. ಇವತ್ತು ಹನ್ನೊಂದಕ್ಕೆ ಡಿಪೋದಲ್ಲಿ ನನ್ನ ಬಡ್ತಿಯ ಫೋಟೋ ಇತ್ತು, ಪತ್ನಿ ಸಮೇತ. ತಿಂಗಳಿಂದ ಕಾದಿದ್ದೆ. ಎಲ್ಲ ಹಾಳಾಯ್ತು."

ಹೆಂಡತಿ ಸುಟ್ಟುಕೊಂಡು ಮಲಗಿದ್ದಾಳೆ, ಇವನಿಗೆ ಫೋಟೋ ಚಿಂತೆ. ಸೊಸೆ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅವಳ ಮೊಣಕೈ ಹಿಡಿದು ಹೊರಗೆ ತಂದರು.

"ಬಿಡಿ, ಅತ್ತೆ. ಒಂದು ಮಾತಾದರೂ ಹೇಳ್ತೀನಿ ಅವನಿಗೆ."

"ಹೇಳುವೆಯಂತೆ. ಒಂದೇ ಮಾತು ಸಾಕಾಗುತ್ತೆ. ಸಂಜೆವರೆಗೆ ಇಟ್ಕೋ."

ನಾಲ್ಕೂವರೆಗೆ ಬಣ್ಣದಕ್ಕನ ಅಂಗಡಿಯಲ್ಲಿ ಎಲ್ಲರೂ ಸೇರಿದರು. ಅರಗು, ದಾರ, ಬೀಗ ಹಿಡಿದು ಇನ್ಸ್‌ಪೆಕ್ಟರಮ್ಮ ಬಂದಿದ್ದರು. ಪಾರ್ಲರಿನವಳು ಗೋಡೆಗೆ ಅಂಟಿ ನಿಂತಳು. ಮುದ್ರೆ ಒತ್ತುವುದನ್ನು ನೋಡಲು ಮ್ಯಾನೇಜರ್ ತಾನಾಗಿಯೇ ಬಂದು ಬೆಂಚಿನ ನಡುವೆ ಕೂತಿದ್ದ. ಅತ್ತೆ ಮಾತ್ರ ನಿಂತಿದ್ದರು.

"ಮೇಡಮ್, ಅರಗು ಕಾಯಿಸೋ ಮೊದಲು ನಾನು ಬರಕೊಂಡಿದ್ದನ್ನ ಓದ್ತೀನಿ," ಎಂದರು. ಅವರ ಕೈಯಲ್ಲಿ ಕಾಗದವಿರಲಿಲ್ಲ. "ಈ ಸಾಹೇಬರು ಬೆಳಿಗ್ಗೆ ಅಂದಿದ್ದು, 'ನೆನೆಸಿಟ್ಟ ನೀಲೀನ ಕಣ್ಣಾರೆ ಕಂಡೆ.' ಬಣ್ಣದಕ್ಕ, ನಿನ್ನೆ ಇವರು ಬಂದಿದ್ರಾ?"

"ಇವರ ಮುಖ ನಾನು ಇವತ್ತೇ ನೋಡಿದ್ದು."

"ಈ ಅಂಗಡಿಯಲ್ಲಿ ನೀಲಿ ನೆನೆಸೋದೇ ಇಲ್ಲ, ನೆನೆಸಿದ್ರೆ ಬಣ್ಣ ಹಿಡಿಯಲ್ಲ. ಇವರು ಕಂಡಿಲ್ಲ, ಕಂಡೆ ಅಂದಿದಾರೆ. ಯಾಕೆ? ಆಕೆಯ ಕೂದಲಿನ ವಿಷಯ ನೋಡಿ. ಇಲ್ಲಿಂದ ಹೋಗುವಾಗ ಪಾಚಿ ಬಣ್ಣ. ಎರಡು ದಿನ ಹಿಡಿಯೋ ಕಪ್ಪು ಬೆಳಗಾಗೋದರೊಳಗೆ ಬಂದುಬಿಟ್ಟಿದೆ. ಎಲೆಗೆ ಆ ಅವಸರ ಇರಲಿಲ್ಲ. ಹನ್ನೊಂದು ಗಂಟೆಯ ಫೋಟೋಗೆ ಇತ್ತು."

ಮ್ಯಾನೇಜರ್ ನಕ್ಕ. "ಮುದುಕಿ ಕತೆ ಹೇಳ್ತಾಳೆ. ನನ್ನ ಹೆಂಡತೀನೇ ಹೇಳಿದಾಳಲ್ಲ, ಬಣ್ಣದಕ್ಕನದು ಅಂತ."

"ಬಣ್ಣದಕ್ಕ ಹಚ್ಚಿದ್ದು ಅಂದಿಲ್ಲ, ಕೊಟ್ಟದ್ದು ಅಂದಿದಾಳೆ. ಎರಡು ತಣ್ಣಗಿತ್ತು, ಮೂರನೇದು ಉರಿ ಅಂದಿದಾಳೆ. ನರ್ಸಮ್ಮನಿಗೆ ಅದು ಜ್ವರದ ಎಣಿಕೆ. ಇಲ್ಲಿ ಹಚ್ಚೋದು ಎರಡೇ ಲೇಪ. ಮೂರನೇದು ಮನೇಲಿ ಆಗಿದ್ದು, ಅಂಗಡಿಯವಳು ಕೊಟ್ಟು ಕಳಿಸಿದಾಳೆ ಅಂತ ನಂಬಿಸಿ." ಅವರು ಪಾರ್ಲರಿನವಳ ಕಡೆ ತಿರುಗಿದರು. "ನಿನ್ನೆ ಇವರು ನಿನ್ನ ಹತ್ರ ಏನಾದ್ರೂ ತಗೊಂಡ್ರಾ ಅಂತ ಒಂದೇ ಪ್ರಶ್ನೆ ಕೇಳಿದ್ದೆ. ಉತ್ತರ ಇವರಿಗೂ ಹೇಳು."

"ನಿನ್ನೆ ಸಂಜೆ ಇವರೇ ಬಂದು ಕರಿಪುಡಿಯ ಮೂರು ಪೊಟ್ಟಣ ತಗೊಂಡ್ರು," ಎಂದಳು ಆಕೆ, ತಲೆ ಎತ್ತದೆ. "ಅದು ಕಾರ್ಖಾನೆಯ ರಾಸಾಯನಿಕ. ಕಿವಿ ಹಿಂದೆ ಹಚ್ಚಿ ಎರಡು ದಿನ ಕಾಯಿರಿ, ಗ್ಲೌಸ್ ಹಾಕ್ಕೊಳ್ಳಿ ಅಂದೆ. 'ಮೀಸೆಗೆ ಅಷ್ಟೆಲ್ಲ ಯಾಕೆ' ಅಂದ್ರು."

ಎಲ್ಲರ ಕಣ್ಣೂ ಆ ನರೆತ ಮೀಸೆಗೆ ಹೋಯಿತು. ಮೂಲೆಯಿಂದ ಯಾರೋ, "ಜಟ್ಟಿ ಜಾರಿ ಬಿದ್ದರೂ ಮೀಸೆ ಕಪ್ಪಾಗಲಿಲ್ಲ," ಎಂದರು. ಯಾರೂ ನಗಲಿಲ್ಲ.

"ಇನ್ನೊಂದು ಮಾತಿದೆ," ಎಂದರು ಅತ್ತೆ. ಇಡೀ ದಿನ ತಣ್ಣಗಿದ್ದ ಅವರ ದನಿ ಈಗ ಏರಿತ್ತು. "ಉರೀತಿದೆ ಅಂದಾಗ 'ತಡ್ಕೋ ಅಂದ್ರು' ಅಂದಳು. ಬೆಕ್ಕಿಗೂ 'ಆಚೆ ಹೋಗಿ' ಅನ್ನೋಳು ಗ್ರಂಥಾಲಯದಮ್ಮನಿಗೆ 'ತಡ್ಕೋ' ಅಂತಾಳಾ? 'ತಡ್ಕೊಳ್ಳಿ' ಅಂದಿರೋಳು. ಆಕೆಯನ್ನ ಏಕವಚನದಲ್ಲಿ ಕರೆದು, ಆಕೆಯಿಂದ 'ಅಂದ್ರು' ಅನ್ನಿಸಿಕೊಳ್ಳೋ ಮನುಷ್ಯ ಆ ಮನೇಲಿ ಒಬ್ಬನೇ. ಮೇಡಮ್, ಆ ಬ್ಯಾಂಡೇಜು ಬಿಚ್ಚಿಸಿ."

"ಗಾಜು ಚುಚ್ಚಿದೆ ಅಂದೆನಲ್ಲ," ಎಂದು ಅವನು ಕೈ ಹಿಂದೆಳೆದ.

"ಸುಳ್ಳು," ಎಂದಳು ಸೊಸೆ. "ನೀವು ಹೊಸ್ತಿಲು ದಾಟಲೇ ಇಲ್ಲ. ಎಡಗೈಯಲ್ಲಿ ಎಸೆದ್ರಿ. ಈ ಕೈ ಜೇಬು ಬಿಟ್ಟು ಈಚೆ ಬಂದಿರಲಿಲ್ಲ."

ಇನ್ಸ್‌ಪೆಕ್ಟರಮ್ಮ ಬಟ್ಟೆಯನ್ನು ಸುತ್ತು ಸುತ್ತಾಗಿ ಬಿಚ್ಚಿದರು. ಗಾಜು ಚುಚ್ಚಿದ ಗುರುತೇ ಇರಲಿಲ್ಲ. ಉಗುರುಗಳು ಇದ್ದಿಲಿನಂತೆ ಕಪ್ಪು, ಬೆರಳ ಸಂದುಗಳಲ್ಲಿ ಬೊಬ್ಬೆ. ಪಕ್ಕದಲ್ಲೇ ಬಣ್ಣದಕ್ಕನ ಕಿತ್ತಳೆ ಕೈ ಇತ್ತು. ಎರಡನ್ನೂ ನೋಡಿದವರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಕೈ ಉರಿದಾಗ ಏನು ಮಾಡಿದೆಯಪ್ಪ?" ಎಂದು ಅತ್ತೆ ಕೇಳಿದರು.

"ತೊಳೆದುಕೊಂಡೆ," ಎಂದ.

"ಅವಳ ತಲೆ?"

"ಇನ್ನೊಂದು ಅರ್ಧ ಗಂಟೆ ಇದ್ರೆ ಬಣ್ಣ ಕೂರುತ್ತೆ ಅಂತ... ಇಷ್ಟಾಗುತ್ತೆ ಅಂತ ಯಾರಿಗೆ ಗೊತ್ತಿತ್ತು?"

"ನಿನ್ನ ಕೈಗೆ ಗೊತ್ತಿತ್ತು," ಎಂದರು ಅತ್ತೆ.

ಇನ್ಸ್‌ಪೆಕ್ಟರಮ್ಮ ಬಾಗಿಲ ಚೀಟಿಯನ್ನು ಕಿತ್ತು ಚೀಲಕ್ಕೆ ತುರುಕಿ, ಪೊಲೀಸರಿಗೆ ಫೋನ್ ಮಾಡಿದರು. ಅವನು ಬಣ್ಣದಕ್ಕನ ಕಡೆ ತಿರುಗಿ, "ಕನ್ನಡಿ ಹೊಸದು ಹಾಕಿಸಿಕೊಡ್ತೀನಿ," ಎಂದ.

"ಹಾಕಿಸಬೇಡಿ," ಎಂದಳು ಬಣ್ಣದಕ್ಕ. ಆ ಸಿಟ್ಟಿನಲ್ಲೂ ಬಹುವಚನ ಬಿಡಲಿಲ್ಲ. "ಹೋಗಿ ನಿಮ್ಮ ಹೆಂಡತಿಗೆ ನಿಜ ಹೇಳಿ. ನನ್ನ ಹೆಸರಿನ ಮೇಲೆ ಆಕೆ ಉರಿ ತಡಕೊಂಡಿದಾರೆ."

ಪೊಲೀಸರು ಬರುವ ತನಕ ಆ ಕೈಯನ್ನು ಹಾಗೇ ಬಿಡುವಂತಿರಲಿಲ್ಲ. ಇನ್ಸ್‌ಪೆಕ್ಟರಮ್ಮ ತಮ್ಮ ಪೆಟ್ಟಿಗೆಯಿಂದ ಔಷಧಿ ತೆಗೆದು ಬೊಬ್ಬೆಗಳ ಮೇಲೆ ಹತ್ತಿ ಇಟ್ಟರು. ಡಿಪೋದ ಮ್ಯಾನೇಜರ್ ಮಗುವಿನ ಹಾಗೆ ಕೈ ಕಿತ್ತುಕೊಂಡ.

"ಉರಿಯುತ್ತೆ," ಎಂದ.

ಸೊಸೆ ತನಗಿಂತ ಹಿರಿಯರನ್ನು ಹುಟ್ಟಿದಾಗಿನಿಂದ ಏಕವಚನದಲ್ಲಿ ಮಾತಾಡಿಸಿದವಳಲ್ಲ. ಬೆಳಗಿನಿಂದ ಇಟ್ಟುಕೊಂಡಿದ್ದ ಒಂದು ಮಾತು ಅವಳ ನಾಲಿಗೆಯ ತುದಿಗೆ ಬಂತು.

"ತಡ್ಕೋ," ಎಂದಳು.

ಅತ್ತೆಯ ಬೆರಳು ಅದನ್ನೂ ಬರೆದುಕೊಂಡಿತು.